ಶುಕ್ರವಾರದ ಮೊಳೆ

ಸಿವ್ ಟೂರೆಲ್ ಸಿಟ್ಟಾದದ್ದನ್ನು ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರೂ ನೋಡಿಲ್ಲ. ಸಂಶೋಧನಾ ಕಚೇರಿಯಲ್ಲಿ ಹದಿನಾರು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತ ನನಗೆ ಮಾತ್ರ ಗೊತ್ತು, ಅದು ಬೂದಿ ಮುಚ್ಚಿದ ಕೆಂಡ. ಯಾವ ಯಂತ್ರ ಯಾವ ಪ್ರಯೋಗಾಲಯಕ್ಕೆ, ಯಾರ ಹೊಸ ವಿದ್ಯೆ ಯಾವ ಕಾರ್ಖಾನೆಗೆ, ಯಾವ ಪ್ರಬಂಧ ಯಾವತ್ತು ಪ್ರಕಟ, ಎಲ್ಲ ಅವಳ ಕೈಯಲ್ಲೇ.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಪ್ರೊಫೆಸರ್ ರುಟ್ಗರ್ ವಾಲ್ ಬಳಿ ಪ್ರಯೋಗಾಲಯದ ಸಹಾಯಕಿ. ಬಟ್ಟೆ ಗಿರಣಿಯ ಕೊಳೆ ನೀರಿನಿಂದ ಬಣ್ಣ ಹೀರುವ ಮರದ ನಾರಿನ ಜರಡಿಯನ್ನು ಕಂಡುಹಿಡಿದವಳು ಅವಳು. ನಮ್ಮ ಸ್ವೀಡನ್ನಿನ ಕಾನೂನಿನಲ್ಲಿ ಮೇಷ್ಟ್ರು ಕಂಡುಹಿಡಿದದ್ದು ವಿಶ್ವವಿದ್ಯಾಲಯದ್ದಲ್ಲ, ಮೇಷ್ಟ್ರದ್ದೇ. ರುಟ್ಗರ್ ಎಲ್ಲ ತನ್ನದೇ ಎಂದು ಬರೆದು ಪೇಟೆಂಟ್ ಹೊಡೆದುಕೊಂಡ. ಲೇಖನದ ಕೊನೆಯಲ್ಲಿ 'ಕಾಫಿ ಮಾಡಿಕೊಟ್ಟ ಸಿವ್‌ಗೆ ಧನ್ಯವಾದ' ಎಂದು ಅಚ್ಚು ಹಾಕಿಸಿದ. ಥೂ! ಅದನ್ನು ಓದಿ ನನಗೇ ಮೈ ಉರಿದಿತ್ತು.

ಕಳೆದ ಏಪ್ರಿಲ್‌ನಲ್ಲಿ ಅದೇ ರುಟ್ಗರ್ ಚಕ್ಕೆ ಹಾಕಿದ ಬನ್ನಿನ ಪೊಟ್ಟಣ ಹಿಡಿದು ನಮ್ಮ ಕಚೇರಿಗೆ ಬಂದ. ಅವನ ವಿದ್ಯಾರ್ಥಿನಿ ಮೈಕೆನ್ ಇನ್ನೂ ಒಳ್ಳೆಯ ಜರಡಿಯೊಂದನ್ನು ಮಾಡಿದ್ದಳು. ಅವಳ ಡಾಕ್ಟರೇಟ್ ಪ್ರಬಂಧಕ್ಕೆ ಮೊಳೆ ಹೊಡೆಯುವ ದಿನ ಶುಕ್ರವಾರ. ಇಲ್ಲಿನ ಪದ್ಧತಿಯಂತೆ ಬಹಿರಂಗ ಪರೀಕ್ಷೆಗೆ ಮೂರು ವಾರ ಮೊದಲು ಪ್ರಬಂಧಕ್ಕೆ ತೂತು ಕೊರೆದು, ದಾರ ಕಟ್ಟಿ, ಪಡಸಾಲೆಯ ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು. ಊರಿನವರು ಯಾರು ಬೇಕಾದರೂ ಬಂದು ಓದಬಹುದು.

"ಸಿವ್, ಒಂದು ಸಣ್ಣ ಉಪಕಾರ. ನನ್ನ ಪೇಟೆಂಟ್ ಅರ್ಜಿ ಸೋಮವಾರ ಹೋಗತ್ತೆ. ಮೂರು ವಾರದ ಲೆಕ್ಕಕ್ಕೆ ಶುಕ್ರವಾರದ ತಾರೀಖಿನ ಮುದ್ರೆ ಹಾಕಿಡು, ಮೊಳೆ ಮಂಗಳವಾರ ಹೊಡೆದರಾಯ್ತು. ಯಾರು ನೋಡ್ತಾರೆ ಕಣೇ?"

"ಅರ್ಜೀಲಿ ಮೈಕೆನ್ ಹೆಸರಿದೆಯಾ?"

"ಅವಳಿನ್ನೂ ಚಿಕ್ಕೋಳು. ಪ್ರಬಂಧದ ಮೇಲೆ ಹೆಸರಿದೆಯಲ್ಲ, ಸಾಲದಾ?"

"ಶುಕ್ರವಾರದ ಕೆಲಸ ಶುಕ್ರವಾರ ಆಗತ್ತೆ, ರುಟ್ಗರ್," ಎಂದಳು ಸಿವ್, ಬನ್ನು ಮುರಿಯುತ್ತಾ. ಒಪ್ಪಿದಳು ಅಂದುಕೊಂಡ ಪುಣ್ಯಾತ್ಮ. ಶಿಳ್ಳೆ ಹಾಕುತ್ತಾ ಹೋದ.

ನಮ್ಮ ಕಡೆ ಪೇಟೆಂಟ್ ಕಾನೂನಿಗೆ ದಯೆ ದಾಕ್ಷಿಣ್ಯ ಇಲ್ಲ. ಅರ್ಜಿಗಿಂತ ಒಂದೇ ದಿನ ಮೊದಲು ವಿಷಯ ಬಹಿರಂಗವಾದರೂ ಕತೆ ಮುಗಿಯಿತು, ಆಮೇಲೆ ಅದು ಎಲ್ಲರ ಸ್ವತ್ತು. ಸಿವ್ ಮೈಕೆನ್‌ಳನ್ನು ಕರೆದು ಇದೆಲ್ಲ ಬಿಡಿಸಿ ಹೇಳಿದಳು.

"ಮೊಳೆ ಹೊಡೆದರೆ ಪೇಟೆಂಟ್ ನಿನಗೂ ಇಲ್ಲ. ಬೇಡ ಅಂದರೆ ಅವನ ಮೇಲೆ ದೂರು ಕೊಡು, ಬರೆಯೋಕೆ ನಾನಿದೀನಿ. ನಿನ್ನ ಕೆಲಸ, ನೀನೇ ಹೇಳು."

ಮೈಕೆನ್ ಮುಖ ಬಿಳಿಚಿತು. ಆಮೇಲೆ ಕೇಳಿದಳು: "ಸುತ್ತಿಗೆ ಎಲ್ಲಿದೆ?"

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ನಾಲ್ಕೇ ಏಟು. ಸಿವ್ ಮುದ್ರೆ ಒತ್ತಿದಳು, ಫೋಟೊ ತೆಗೆದಳು, ಪ್ರಬಂಧವನ್ನು ವಿಶ್ವವಿದ್ಯಾಲಯದ ಜಾಲತಾಣಕ್ಕೂ ಏರಿಸಿದಳು. ರುಟ್ಗರ್ ಆಗ ಸಮುದ್ರದ ದಡದ ಬೇಸಿಗೆ ಮನೆಯಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದನಂತೆ.

ಸೋಮವಾರ ಅರ್ಜಿ ಕಳಿಸುವ ಮುಂಚೆ ಅವನ ವಕೀಲ ಜಾಲತಾಣ ನೋಡಿದ. ಮಾಡಿದ್ದುಣ್ಣೋ ಮಹಾರಾಯ! ಮಧ್ಯಾಹ್ನದ ಕಾಫಿ ಹೊತ್ತಿಗೆ ರುಟ್ಗರ್ ಏದುಸಿರು ಬಿಡುತ್ತಾ ಹಲಗೆಯ ಮುಂದೆ ನಿಂತಿದ್ದ.

"ಕೀಳು ಅದನ್ನ!"

"ಮೊಳೆ ಕೀಳಬಹುದು, ತಾರೀಖು ಕೀಳೋಕಾಗಲ್ಲ," ಎಂದಳು ಸಿವ್.

"ಹೊಟ್ಟೆಕಿಚ್ಚಿನ ಹೆಂಗಸು! ಇದರಿಂದ ನಿನಗೇನು ಸಿಕ್ತು? ಹೇಳು, ಏನು ಸಿಕ್ತು?"

ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಿವ್ ಅವನ ಕೆಂಪಾದ ಮುಖವನ್ನು, ಅದುರುವ ತುಟಿಯನ್ನು ಒಂದಿಷ್ಟೂ ಬಿಡದೆ ನೋಡಿದಳು.

"ಏನೂ ಸಿಗಲಿಲ್ಲ," ಎಂದಳು. "ನಿನಗೂ ಸಿಗಲಿಲ್ಲವಲ್ಲ. ನನಗಷ್ಟು ಸಾಕು."