ಕೆಂಪು ಪೆನ್ನಿನ ಮೇಷ್ಟ್ರು

ನಮ್ಮ ಪ್ರಯೋಗಾಲಯದಲ್ಲಿ ಇಲಿಗಳ ಸ್ವಭಾವ ಅಧ್ಯಯನ ಮಾಡುವ ಮೇಷ್ಟ್ರು ಯಾವ ಸಂಶೋಧನಾ ಲೇಖನವನ್ನಾದರೂ ಕೊನೆಯಿಂದ ಓದುತ್ತಾರೆ. ಅಲ್ಲಿ, ಗುಣ ಎನ್ನುವುದು ಬೆಳೆಸಿದ ರೀತಿಯಿಂದ ಬರುತ್ತದೆ ಎಂದಿದ್ದರೆ ಕನ್ನಡಕ ತೆಗೆದು ಮುಗುಳ್ನಗುತ್ತಾರೆ. ಹುಟ್ಟಿನಿಂದ ಬರುತ್ತದೆ ಎಂದಿದ್ದರೆ ಕೆಂಪು ಪೆನ್ನು ಹಿಡಿದು ಒಂದೊಂದು ಸಾಲನ್ನೂ ಜಾಲಾಡುತ್ತಾರೆ. "ರಕ್ತದಲ್ಲಿದೆ ಅನ್ನೋದು ಮೇಲೆ ಕೂತವರು ಕಟ್ಟಿದ ಕಥೆ ಕಣಯ್ಯಾ. ಪಂಜರ ಬದಲಿಸು, ಇಲಿ ಬದಲಾಗುತ್ತೆ" ಎಂದು ನಮಗೆಲ್ಲ ಹೇಳುತ್ತಾರೆ. ಸಮಾನತೆಯ ಮೆರವಣಿಗೆಯಲ್ಲಿ ಕೂಗಿ ಒಡೆದ ಗಂಟಲಲ್ಲೇ ಪಾಠ ಮಾಡುತ್ತಾರೆ. ಎದುರು ಪಕ್ಷಕ್ಕೆ ಮತ ಹಾಕುವ ಪಕ್ಕದ ಕೋಣೆಯ ಗೆಳೆಯರೊಬ್ಬರು ಅದೇ ಲೇಖನದ ಗ್ರಾಫಿನಲ್ಲಿ ಬರೀ ವಂಶವನ್ನೇ ಕಾಣುತ್ತಾರೆ; ಜಗಳವಾಡದ ದಿನ ಇಬ್ಬರಿಗೂ ಚಹಾ ರುಚಿಸುವುದಿಲ್ಲ. ಮೇಷ್ಟ್ರ ಮಗಳಿಗೆ ಇನ್ನೂ ಮಾತು ಬಂದಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು ಎಂದು ವೈದ್ಯರು ಬರೆದುಕೊಟ್ಟ ದಿನ ಆ ಗೆಳೆಯರೇ ದನಿ ತಗ್ಗಿಸಿ, "ನೋಡಿ, ನಿಮ್ಮ ತಪ್ಪೇನೂ ಇಲ್ಲ" ಎಂದರು. ಮೇಷ್ಟ್ರು ವರದಿಯನ್ನು ಮೊದಲಿನಿಂದ ಓದಿದರು. ಕೆಂಪು ಪೆನ್ನು ಜೇಬಿನಲ್ಲೇ ಉಳಿಯಿತು. "ತಪ್ಪು ನಂದೇ ಆಗಿರಲಿ ಕಣ್ರೀ, ಆಗ ತಿದ್ದಬಹುದು" ಎಂದರು. ಈಗ ದಿನವೂ ಸಂಜೆ ಅಡುಗೆಮನೆಯ ನೆಲದ ಮೇಲೆ ಮಗಳೆದುರು ಕೂತು, "ಇದು ಚಮಚ, ಕಂದಾ, ಚಮಚ" ಎಂದು ತೋರಿಸಿ, ಅವಳ ತುಟಿಗಳನ್ನೇ ನೋಡುತ್ತಾ ಕಾಯುತ್ತಾರೆ.