ಇಲ್ಲ ಎನ್ನದ ಬೆರಳು

ದೇವರ ಕೋಣೆಯ ಹತ್ತಿರ ನನ್ನ ಬಾಯಿಂದ 'ಇಲ್ಲ' ಬರುವುದಿಲ್ಲ. ಅಕ್ಕಿ ಮುಗಿದರೆ ಹೆಚ್ಚಾಗಿದೆ ಎನ್ನುತ್ತೇನೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇನೆ. ಅವ್ವ ಕಲಿಸಿದ್ದು. ಈ ಅಭ್ಯಾಸ ಬೆರಳಿಗೂ ಇಳಿದಿದೆ ಎಂದು ತಿಳಿದದ್ದು ಮಾತ್ರ ಕಂಪ್ಯೂಟರಿನಿಂದ.

ಅದು ಸೀತಾಬರ್ಡಿ ಪೇಟೆಯಿಂದ ತಂದ ಹಳೆಯ ಕಂಪ್ಯೂಟರು. ಬೇರೆಲ್ಲೂ ಪ್ಲಗ್ ಸಿಗದೆ ದೇವರ ಕೋಣೆಯ ಬಾಗಿಲಲ್ಲೇ ಕೂತಿದೆ. ನಿವೃತ್ತರಾದ ನಮ್ಮ ಯಜಮಾನರು ಅದರಲ್ಲಿ ಭಜನಾ ಮಂಡಳಿಗೊಂದು ಡೇಟಾಬೇಸ್ ಮಾಡಿದ್ದಾರೆ: ನವರಾತ್ರಿಯ ಯಾವ ದಿನ ಯಾರ ಮನೆಯ ನೈವೇದ್ಯ ಎಂಬ ಪಟ್ಟಿ. ತುಂಬುವುದು ನನ್ನ ಕೆಲಸ. ಒಂದು ಕೀ ತಪ್ಪಿದರೆ ಸಾಕು, ಪರದೆಯ ನಡುವೆ ಡಬ್ಬಿಯೊಂದು ಧುತ್ತೆಂದು ಏಳುತ್ತದೆ: 'ಈ ಹೆಸರು ತೆಗೆಯಬೇಕೆ?' ಕೆಳಗೆ ಎರಡೇ ಬಟನ್, ಯೆಸ್ ಮತ್ತು ನೋ. ಇಡೀ ಸಂಸಾರವನ್ನು ಈ ಎರಡು ಮಾತಿನಲ್ಲಿ ಮುಗಿಸಿದ ಮಹಾನುಭಾವನ ಮನೆಯಲ್ಲಿ ಹೆಂಗಸರೇ ಇರಲಿಲ್ಲವೇ? ದೇವಿಯ ಎದುರು ನೋ ಎನ್ನಲಾರದೆ ಯೆಸ್ ಒತ್ತಿದೆ.

ಹಾಗೆ ಅಳಿಸಿಹೋದದ್ದು ಮಂಡಳಿಯ ಹಿರಿಯರಾದ ಗಂಗಮ್ಮಜ್ಜಿಯ ಅಷ್ಟಮಿ, ಪ್ರತಿ ವರ್ಷ ಅವರ ಹೂರಣದ ಹೋಳಿಗೆಯ ದಿನ. ದಿನ ಖಾಲಿ ಕಂಡಿತೆಂದು ನಾನೇ ಅದನ್ನು ಇನ್ನೊಬ್ಬರಿಗೆ ಕೊಟ್ಟೆ. ಮಂಡಳಿಯಲ್ಲಿ ಪಟ್ಟಿ ಓದಿದಾಗ ಅಜ್ಜಿ ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. "ವಯಸ್ಸಾತು ಅಂತ ತಗದ್ಯೇನವಾ?" ಎಂದಷ್ಟೇ ಕೇಳಿ ಚಪ್ಪಲಿ ಮೆಟ್ಟಿದರು.

ಮನೆಗೆ ಬಂದು ಯಜಮಾನರ ಮೇಲೆ ಹಾರಿದೆ.

"ಓದಿ ಒತ್ತಬೇಕು. ಪ್ರಶ್ನೆ ಬರೋಬರ್ ಐತಿ," ಎಂದರು.

"ಆ ಬಟನ್ ಬದಲಿ ಮಾಡ್ರಿ."

"ಅವು ಆ ಸಿದ್ಧ ಡಬ್ಬಿ ಜೋಡೀನ ಬಂದಾವ. ಬದಲಿ ಆಗಂಗಿಲ್ಲ."

"ನಿಮ್ಮ ಅಂಗಿ ಜೋಡಿ ಬಂದ ಬಟನ್ ಮೂವತ್ತು ವರ್ಷ ಬದಲಿ ಮಾಡೀನಿ. ಒಂದು ಅಂಗೀನೂ ಆಗಂಗಿಲ್ಲ ಅಂದಿಲ್ಲ!"

ಎರಡು ದಿನ ಗೊಣಗುತ್ತ ಕೂತು, ಸಿದ್ಧ ಡಬ್ಬಿ ಬಿಟ್ಟು ತಮ್ಮದೇ ಹೊಸ ಡಬ್ಬಿ ಕಟ್ಟಿದರು. ಬಟನ್ ಮೇಲಿನ ಮಾತು ನಾನು ಹೇಳಿದೆ: ಉಳಿಸಲು 'ಇರಲಿ', ತೆಗೆಯಲು 'ಹೋಗಿ ಬಾ'.

"ಇದೇನು ಬೀಗರ ಮನಿ ಏನ?" ಎಂದರು. ಆದರೂ ಬರೆದರು, ದೇವಿಯ ದಯೆ. ಅಷ್ಟಮಿ ಪಡೆದಾಕೆಯೂ ಮುಖ ಸಿಂಡರಿಸದೆ ದಿನ ಬಿಟ್ಟುಕೊಟ್ಟಳು, ಅದೂ ದಯೆಯೇ.

ಹೆಸರು ಮತ್ತೆ ಸೇರಿಸಿ, ಅಜ್ಜಿಯನ್ನು ಕೈಹಿಡಿದು ಕರೆತಂದೆ. ಆದದ್ದನ್ನು ತೋರಿಸಲು ಬೇಕೆಂದೇ ಅದೇ ತಪ್ಪು ಕೀ ಒತ್ತಿದೆ. ಡಬ್ಬಿ ಎದ್ದಿತು. ಅಜ್ಜಿ ಕನ್ನಡಕ ಏರಿಸಿ ಎರಡೂ ಬಟನ್ ಓದಿದರು. ನಾನು ಬಾಣವನ್ನು 'ಇರಲಿ' ಮೇಲೆ ತಂದು ನಿಲ್ಲಿಸಿದೆ. ಅವರು ಕುಂಕುಮ ಇಡುವ ಬೆರಳಿನಿಂದ ಮೌಸನ್ನು ಗಟ್ಟಿಯಾಗಿ ಅದುಮಿದರು.

"ಆ ಇನ್ನೊಂದು ಬಟನ್ ದೇವಿಗೆ ಬಿಡವಾ. ಆಕಿ ಒತ್ತೂ ತನಕ ಹೂರಣ ನಂದ," ಎಂದರು.