ದಿನಕ್ಕೆ ಅರ್ಧ ಬೆರಳು

ಸಾಂಕ್ರಾಮಿಕ ರೋಗಗಳ ವಿಶೇಷ ತರಬೇತಿ ಮುಗಿಸಿದ ನನ್ನನ್ನು, ಎಪ್ಪತ್ತರ ದಶಕದ ಆರಂಭದಲ್ಲಿ, ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯ ದವಾಖಾನೆಗೆ ಡಾಕ್ಟರನಾಗಿ ಹಾಕಿದರು. ದಕ್ಷಿಣದವನಾದ ನನ್ನ ಮಾತು ಅಲ್ಲಿ ಯಾರಿಗೂ ರುಚಿಸಲಿಲ್ಲ. ಜನ ತಮ್ಮ ರೋಗದ ಬಗ್ಗೆಯಷ್ಟೇ ಮಾತಾಡಿ ಎದ್ದು ಹೋಗುತ್ತಿದ್ದರು. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಸಿಂದಗಿಗೆ ಓಡುತ್ತಿದ್ದೆ. ಅಲ್ಲಿಯೂ ನನಗೆ ಯಾರೂ ಇರಲಿಲ್ಲ. ಚಹಾದಂಗಡಿಯಲ್ಲಿ ಹಳೆಯ ಪತ್ರಿಕೆ ಓದಿ ಮರಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಕುರಿ ಕಾಯುವವನೊಬ್ಬ ಬಂದ. ಮೆಟ್ಟಿಲುಬಾವಿಯ ನೀರು ಕುಡಿದವರಿಗೆ ಅಂಟುವ ನಾರುಹುಳು ಅವನ ಪಾದದ ಕೀಲಿನ ಬಳಿ ಹೊರಬಂದಿತ್ತು. ಓಣಿಯ ಮುದುಕಿಯೊಬ್ಬಳು ಅದನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಅರ್ಧ ಬೆರಳಿನಷ್ಟು ಎಳೆಯುತ್ತಿದ್ದಳು.

"ಇನ್ನ ಎಂಟ ದಿನ ಸುತ್ತಬೇಕಂತರಿ. ಕುರಿ ಅಲ್ಲೀತನಕ ಉಪಾಸ ಇರ್ತಾವೇನ್ರಿ?" ಎಂದ.

"ಇವತ್ತೇ ತೆಗೆದುಬಿಡ್ತೀನಿ" ಎಂದೆ. ಒದ್ದೆ ಬಟ್ಟೆ ಹಚ್ಚಿ ಎಳೆದೆ. ಸ್ವಲ್ಪ ಬಂತು. ಆಮೇಲೆ ಬೆರಳುಗಳ ನಡುವಿನ ಬಿಗಿ ಒಮ್ಮೆಲೇ ಸಡಿಲವಾಯಿತು. ಹುಳು ತುಂಡಾಗಿತ್ತು.

ಒಳಗುಳಿದ ತುಂಡಿನಿಂದ ಕಾಲು ಮೊಣಕಾಲಿನವರೆಗೆ ಬಾತಿತು. ದಿನವೂ ಅವನ ಮನೆಗೆ ಹೋಗಿ ಪೆನಿಸಿಲಿನ್ ಚುಚ್ಚಿದೆ. ಮುದುಕಿ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು.

"ಸಾಹೇಬ್ರು ಭಾಳ ಕಲ್ತಾರ, ತಮ್ಮಾ. ಸಾವಕಾಶ ಅನ್ನೂದೊಂದ ಅವರ ಸಾಲ್ಯಾಗ ಇರಲಿಲ್ಲ ಕಾಣತೈತಿ."

ಅವನು ನೋವಿನಲ್ಲೂ ನಕ್ಕ. "ಅವತ್ತ ನಿಮಗ ಬಸ್ಸಿಗಿ ಹೊತ್ತಾಗಿತ್ತೇನ್ರಿ?"

ನಾನು ಸಿರಿಂಜನ್ನು ಡಬ್ಬಿಗೆ ಹಾಕಿ ಎದ್ದೆ. ಬಾವು ಇಳಿಯಿತು, ಕೀಲು ಮಾತ್ರ ಮತ್ತೆ ಮಡಚಲಿಲ್ಲ. ಕುರಿಗಳನ್ನು ಅಣ್ಣನ ಹಿಂಡಿಗೆ ಬಿಟ್ಟುಕೊಟ್ಟು, ಅವನು ಕಟ್ಟೆಯ ಮೇಲೆ ಕೂರತೊಡಗಿದ. ನಾರುಹುಳು ಅಂಟಿದವರು ಮತ್ತೆ ದವಾಖಾನೆಗೆ ಬರಲಿಲ್ಲ.

ಮುಂದೆ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿ ಎಷ್ಟೋ ಹುಳುಗಳನ್ನು ನಾನೇ ಕಡ್ಡಿಗೆ ಸುತ್ತಿದೆ, ದಿನಕ್ಕೆ ಅರ್ಧ ಬೆರಳು. ಸುತ್ತುವಾಗ ಅವನ ಪ್ರಶ್ನೆ ಮರಳುತ್ತಿತ್ತು. ನನ್ನ ನೆನಪನ್ನು ನಾನು ಹೆಚ್ಚು ನಂಬುವವನಲ್ಲ. ಒಮ್ಮೊಮ್ಮೆ ಅದು ಹುಳು ಎಳೆದ ಕೈಯನ್ನು ಆ ದವಾಖಾನೆಯ ಕಂಪೌಂಡರನದಾಗಿ ತೋರಿಸುತ್ತದೆ. ಆ ಸಡಿಲ ಮಾತ್ರ ನನ್ನ ಬೆರಳಲ್ಲೇ ಇದೆ. ರೋಗಿಗಳ ಪುಸ್ತಕದಲ್ಲಿ 'ಹುಳು ತಾನಾಗಿ ತುಂಡಾಯಿತು' ಎಂದು ಬರೆದವನೂ ನಾನೇ. ಪಕ್ಕದಲ್ಲಿ ತಾರೀಖಿತ್ತು. ಅಂದು ಶನಿವಾರವಾಗಿತ್ತೇ ಎಂದು ಕ್ಯಾಲೆಂಡರಿನಲ್ಲಿ ನೋಡಿದ್ದರೆ ಸಾಕಿತ್ತು.

ಆ ಹಳ್ಳಿಯಿಂದ ವರ್ಗವಾದ ದಿನ ಪುಸ್ತಕ ತೆರೆದೆ. ಆ ಪುಟ ಬರುವ ಮೊದಲೇ ಮುಚ್ಚಿದೆ. ಬಸ್ಸಿಗೆ ಹೊತ್ತಾಯಿತೆಂದು ನನಗೆ ನಾನೇ ಹೇಳಿಕೊಂಡೆ.